ಚೆನ್ನಾಗೇ ಓಡುವ ಹಳೇ ಕಾರು ಎಫ್‌ಸಿಯಲ್ಲಿ ಯಾಕೆ ಫೇಲ್ ಆಗುತ್ತೆ? ದೋಷ ಹುಡುಕುವ ಕೈಪಿಡಿ

ಲಕ್ಷಣ ಹೀಗಿರುತ್ತೆ. ಕಾರು ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ. ಮೈಲೇಜ್ ಪರವಾಗಿಲ್ಲ. ಎಸಿ ತಣ್ಣಗಿದೆ. 15 ವರ್ಷ ತುಂಬಿತು ಅಂತ ಎಫ್‌ಸಿಗೆ, ಅಂದ್ರೆ ಫಿಟ್‌ನೆಸ್ ಸರ್ಟಿಫಿಕೇಟ್‌ಗೆ, ಆರ್‌ಟಿಓಗೆ ಒಯ್ದರೆ ಇನ್‌ಸ್ಪೆಕ್ಟರ್ ಗಾಡಿಗೆ ಒಂದು ಸುತ್ತು ಬಂದು, "ಇದಿಷ್ಟು ಸರಿ ಮಾಡಿಸ್ಕೊಂಡು ಬನ್ನಿ" ಅಂತ ವಾಪಸ್ ಕಳಿಸುತ್ತಾರೆ. ಮಾಲೀಕರಿಗೆ ಸಿಟ್ಟು. ಮೊನ್ನೆ ತಾನೇ ಧರ್ಮಸ್ಥಳಕ್ಕೆ ಹೋಗಿ ಬಂದ ಗಾಡಿ, ಇದಕ್ಕೇನಾಗಿದೆ ಅಂತ.

ವಿಷಯ ಏನಂದ್ರೆ, ನಾವು ದಿನಾ ಗಮನಿಸೋದು ಎಂಜಿನ್ನು, ಕ್ಲಚ್ಚು, ಎಸಿ. ಅವರು ನೋಡೋದು ಬ್ರೇಕು, ಲೈಟು, ಸ್ಟೇರಿಂಗು, ಟೈರು, ಬಾಡಿ, ಹೊಗೆ. ಎಂಜಿನ್ ಸವೆಯೋದು ಕಿಲೋಮೀಟರ್ ಲೆಕ್ಕದಲ್ಲಿ. ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಭಾಗಗಳಲ್ಲಿ ಬಹುಪಾಲು ಕೆಡೋದು ವರ್ಷದ ಲೆಕ್ಕದಲ್ಲಿ. ಹಳೇ ಕಾರಿನ ದೋಷ ಹುಡುಕುವಾಗ ಈ ಎರಡು ಲೆಕ್ಕ ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಕಾನೂನಿನ ಮಾತು ಚುಟುಕಾಗಿ ಮುಗಿಸಿಬಿಡೋಣ. ಜನ ಎಫ್‌ಸಿ ಅಂದರೂ ಖಾಸಗಿ ಕಾರಿಗೆ ಇದು ಆರ್‌ಸಿ (ನೋಂದಣಿ ಪತ್ರ) ನವೀಕರಣ. ಹೊಸ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅರ್ಜಿ ಫಾರಂ 25ರಲ್ಲಿ, ಅವಧಿ ಮುಗಿಯೋಕೆ ಮುಂಚಿನ 60 ದಿನದ ಒಳಗೆ ಹಾಕಬಹುದು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ. ಅದಕ್ಕೂ ಮುಂಚೆ ಬರೀ 600 ಇತ್ತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ತಡ ಮಾಡಿದರೆ ತಿಂಗಳಿಗೆ 500 ದಂಡ ಬೇರೆ. ಹಸಿರು ತೆರಿಗೆ ಇದರ ಮೇಲೆ. ಹಳದಿ ಬೋರ್ಡಿನ ಗಾಡಿಗಳ ಕಥೆ ಬೇರೆ. ಅವಕ್ಕೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ.

ವಯಸ್ಸು ಏರಿದ ಹಾಗೆ ಏನಾಗುತ್ತೆ

ನಮ್ಮ ಖಾಸಗಿ ಕಾರನ್ನು 15 ವರ್ಷ ಯಾರೂ ಎತ್ತಿ ನೋಡುವುದಿಲ್ಲ. ಎಮಿಷನ್ ಟೆಸ್ಟ್ ಒಂದು ಬಿಟ್ಟರೆ ಕಡ್ಡಾಯ ಅಂತ ಇನ್ನೊಂದು ತಪಾಸಣೆ ಇಲ್ಲ. ಹಾಗಾಗಿ ಐದನೇ ವರ್ಷಕ್ಕೆ ಎಷ್ಟು ಕಾರು ಕೆಟ್ಟಿರುತ್ತವೆ, ಹತ್ತನೇ ವರ್ಷಕ್ಕೆ ಎಷ್ಟು ಅನ್ನೋ ಲೆಕ್ಕ ಇಲ್ಲಿ ಹುಟ್ಟೋದೇ ಇಲ್ಲ. ಆ ಲೆಕ್ಕ ಬೇಕಂದ್ರೆ ಜರ್ಮನಿ, ಬ್ರಿಟನ್ ಕಡೆ ನೋಡಬೇಕು.

ಜರ್ಮನಿಯಲ್ಲಿ ಹೊಸ ಕಾರಿಗೆ ಮೂರನೇ ವರ್ಷಕ್ಕೆ ಮೊದಲ ತಪಾಸಣೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಅಲ್ಲಿನ ಟ್ಯೂಫ್ ಸಂಸ್ಥೆಗಳ ಒಕ್ಕೂಟ ಪ್ರತಿ ವರ್ಷ ವರದಿ ಹೊರಡಿಸುತ್ತೆ. 2–3 ವರ್ಷದ ಕಾರುಗಳಲ್ಲಿ ದೊಡ್ಡ ದೋಷ ಸಿಗೋದು ನೂರಕ್ಕೆ ಐದಾರು. 12–13 ವರ್ಷ ಆಗುವಷ್ಟರಲ್ಲಿ ಅದು ನೂರಕ್ಕೆ 25 ದಾಟಿರುತ್ತೆ. ಎಲ್ಲ ವಯಸ್ಸಿನವು ಸೇರಿ ಹೆಚ್ಚುಕಡಿಮೆ ಐದರಲ್ಲಿ ಒಂದು ಕಾರು ಮೊದಲ ಸಲಕ್ಕೆ ಪಾಸ್ ಆಗಲ್ಲ. ಅದೂ ಎರಡು ವರ್ಷಕ್ಕೊಮ್ಮೆ ತಪ್ಪದೆ ತೋರಿಸುತ್ತಾ ಬಂದ ಕಾರುಗಳಲ್ಲಿ! ಬ್ರಿಟನ್‌ನಲ್ಲಿ ಮೂರು ವರ್ಷ ಆದಮೇಲೆ ಪ್ರತಿ ವರ್ಷ ಎಂಓಟಿ ಟೆಸ್ಟ್. ಕಾರಿನ ನಂಬರ್ ಹಾಕಿದರೆ ಅದರ ಹಳೇ ಟೆಸ್ಟುಗಳ ಫಲಿತಾಂಶ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಅಲ್ಲಿ ಫೇಲ್ ಆಗೋಕೆ ಮುಖ್ಯ ಕಾರಣಗಳು ಲೈಟು, ಸಸ್ಪೆನ್ಷನ್, ಬ್ರೇಕು, ಟೈರು.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಇರಲಿ. ತುಂಬಾ ಹಳೇ ಕಾರುಗಳಲ್ಲಿ ಫೇಲ್ ಪ್ರಮಾಣದ ಏರಿಕೆ ನಿಧಾನ ಆಗುತ್ತೆ, ಆಮೇಲೆ ಇಳಿಯೋದೂ ಉಂಟು. ಅಂದ್ರೆ ಕಾರು ಹಳೆಯದಾದಷ್ಟೂ ಗಟ್ಟಿ ಅಂತಲ್ಲ. ಕೆಟ್ಟವೆಲ್ಲ ಅಷ್ಟು ಹೊತ್ತಿಗೆ ಗುಜರಿ ಸೇರಿರುತ್ತವೆ. ಉಳಿದಿರೋದು ಯಾರೋ ಆಸೆಪಟ್ಟು ನೋಡಿಕೊಂಡ ಗಾಡಿಗಳು. "ಆ ಕಾಲದ ಕಾರೇ ಗಟ್ಟಿ ಸಾರ್" ಅನ್ನುವವರು ಸಿಕ್ಕಾಗ ಇದು ನೆನಪಿರಲಿ.

ನಮ್ಮ ರಸ್ತೆಯ ಮೇಲೆ ಸಾಮಾನ್ಯವಾಗಿ ಕಾಣೋದು ಹೀಗೆ. ಮೊದಲ ನಾಲ್ಕು ವರ್ಷ ಟೈರು, ಬಲ್ಬು, ಬ್ಯಾಟರಿ ಬಿಟ್ಟರೆ ದೊಡ್ಡದೇನೂ ಇಲ್ಲ. ಐದರಿಂದ ಎಂಟರ ನಡುವೆ ಸಸ್ಪೆನ್ಷನ್‌ನ ಭಾಗಗಳಾದ ಬುಷ್ (ಜೋಡಣೆಯ ರಬ್ಬರ್), ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್ ಸದ್ದು ಮಾಡಲು ಶುರು. ಕಂಪನಿ ಸರ್ವಿಸ್ ಬಿಟ್ಟು ಹೊರಗಿನ ಗ್ಯಾರೇಜಿಗೆ ಹೋಗೋದೂ ಇದೇ ಹೊತ್ತಲ್ಲಿ. ಒಂಬತ್ತರಿಂದ ಹನ್ನೆರಡು ಇದ್ದುದರಲ್ಲೇ ಅಪಾಯದ ಕಾಲ ಅಂತ ನನ್ನ ಅನಿಸಿಕೆ. ಆಗ ಕಾರು ಎರಡನೇ ಅಥವಾ ಮೂರನೇ ಮಾಲೀಕರ ಕೈಗೆ ಹೋಗಿರುತ್ತೆ. ರಬ್ಬರ್ ಎಲ್ಲಾ ಒಟ್ಟಿಗೆ ಗಟ್ಟಿಯಾಗುತ್ತೆ. ತುಕ್ಕು ಒಳಗಿಂದ ಶುರುವಾಗಿರುತ್ತೆ. "ಇನ್ನೇನು ಮಾರೋದೇ ಅಲ್ವಾ" ಅಂತ ಯಾರೂ ದುಡ್ಡು ಹಾಕಲ್ಲ. 15ಕ್ಕೆ ಸಿಗುವ ಪಟ್ಟಿ ತಯಾರಾಗೋದು ಈ ವರ್ಷಗಳಲ್ಲೇ.

ಕಡಿಮೆ ಓಡಿದ ಕಾರು ಅನ್ನೋ ಭ್ರಮೆ

ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಂತ 12 ವರ್ಷದ ಕಾರು. ಮೀಟರ್‌ನಲ್ಲಿ 35,000. ನೋಡಿದವರಿಗೆಲ್ಲ ಬಂಗಾರ ಸಿಕ್ಕ ಹಾಗೆ. ಎಂಜಿನ್ ಮಟ್ಟಿಗೆ ಅದು ನಿಜ ಇರಬಹುದು. ಆದರೆ ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರೋದು ನಿಂತಾಗಲೂ ನಿಲ್ಲಲ್ಲ. ಡಾಟ್ 4 ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಕುಡಿದ ಮೇಲೆ ಆ ಮಟ್ಟ 155ಕ್ಕೆ ಇಳಿದರೂ ಮಾನದಂಡ ಒಪ್ಪುತ್ತೆ. ಅದಕ್ಕಿಂತ ಕೆಳಗೆ ಹೋದರೆ ಶಿರಾಡಿ ಘಾಟಿ ಇಳಿಯುವಾಗ ಪೆಡಲ್ ಸ್ಪಂಜ್ ಆಗುತ್ತೆ. ಆ ನೀರೇ ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್, ಕ್ಯಾಲಿಪರ್ ಒಳಗೆ ತುಕ್ಕು ಹಿಡಿಸುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು.

ನಿಂತ ಕಾರಿನ ಟೈರ್ ಬಟನ್ (ರಸ್ತೆಗೆ ತಾಗುವ ಉಬ್ಬು) ತುಂಬಾ ಇರುತ್ತೆ, ಪಕ್ಕದ ಗೋಡೆ ಮಾತ್ರ ಸಣ್ಣಗೆ ಬಿರುಕು ಬಿಟ್ಟಿರುತ್ತೆ. ಟೈರಿನ ಪಕ್ಕದ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ DOT ಅಂತ ಬರೆದ ಸಾಲಿನ ಕೊನೇ ನಾಲ್ಕು ಅಂಕಿ ಓದಿ. 2316 ಅಂತಿದ್ದರೆ 2016ರ 23ನೇ ವಾರದಲ್ಲಿ ತಯಾರಾದ ಟೈರು. ಬಾನೆಟ್ ಎತ್ತಿ ವೈರಿಂಗ್ ನೋಡಿ, ಇಲಿ ಕಡಿದಿದ್ದರೆ ಟೇಪ್ ಸುತ್ತಿದ ಗುರುತು ಸಿಗುತ್ತೆ.

ಮೀಟರ್ ತಿರುಗಿಸಿರೋದನ್ನು ಹಿಡಿಯೋಕೂ ವಯಸ್ಸಿನ ಗುರುತುಗಳೇ ಸಹಾಯಕ್ಕೆ ಬರುತ್ತವೆ. 40,000 ಅಂತ ತೋರಿಸುವ ಕಾರಿನ ಕ್ಲಚ್ ಪೆಡಲ್ ರಬ್ಬರ್ ನುಣ್ಣಗಾಗಿದ್ದರೆ, ಸ್ಟೇರಿಂಗ್ ಹೊಳೆಯುತ್ತಿದ್ದರೆ, ಡ್ರೈವರ್ ಸೀಟಿನ ಬಲ ಅಂಚು ಕುಸಿದಿದ್ದರೆ ಸುಮ್ನೆ ಮುಂದಿನ ಗಾಡಿ ನೋಡಿ.

ಲೈಟು: ಖರ್ಚು ಕಮ್ಮಿ, ಸಿಕ್ಕಿಬೀಳೋದು ಜಾಸ್ತಿ

ಹೆಡ್‌ಲೈಟ್ ಮಂಕು ಅಂದ್ರೆ ಮೂರು ಕಡೆ ಹುಡುಕಬೇಕು. ಪ್ಲಾಸ್ಟಿಕ್ ಗ್ಲಾಸ್ ಬಿಸಿಲಿಗೆ ಹಳದಿಯಾಗಿದ್ದರೆ ಉಜ್ಜಿ ಪಾಲಿಶ್ ಮಾಡಬಹುದು. ಮೇಲೆ ಕ್ಲಿಯರ್ ಕೋಟ್ ಹೊಡೆಯದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಗ್ಲಾಸ್ ಸ್ವಚ್ಛ ಇದ್ದೂ ಬೆಳಕು ಇಲ್ಲ ಅಂದ್ರೆ ಒಳಗಿನ ರಿಫ್ಲೆಕ್ಟರ್‌ನ ಬೆಳ್ಳಿ ಬಣ್ಣ ಸುಟ್ಟಿರುತ್ತೆ, ಅಸೆಂಬ್ಲಿ ಬದಲಾಯಿಸಬೇಕು. ಎರಡೂ ಸರಿ ಇದ್ದರೆ ಅರ್ಥ್ ವೈರ್ ನೋಡಿ. ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು ಬಲ್ಬ್ ಸಾಕೆಟ್‌ನಲ್ಲಿ 12ಕ್ಕಿಂತ ಕಮ್ಮಿ ಬರ್ತಿದ್ದರೆ ನಡುವೆ ಎಲ್ಲೋ ತುಕ್ಕು ಹಿಡಿದ ಜಾಯಿಂಟ್ ಇದೆ.

ಮಂಕು ಅಂತ ಹೊರಗಡೆ ಸಿಗುವ ಎಲ್‌ಇಡಿ ಬಲ್ಬ್ ಹಾಕಿಸುವವರು ಬಹಳ. ಹ್ಯಾಲೊಜನ್‌ಗೆ ಮಾಡಿದ ರಿಫ್ಲೆಕ್ಟರ್‌ನಲ್ಲಿ ಅದರ ಬೆಳಕು ಚೆಲ್ಲಾಪಿಲ್ಲಿ. ಎದುರಿನವರ ಕಣ್ಣಿಗೆ ಹೊಡೆಯುತ್ತೆ, ತಪಾಸಣೆಯಲ್ಲೂ ನಿಲ್ಲಲ್ಲ. ಕಂಪನಿ ಕೊಟ್ಟ 60/55 ವ್ಯಾಟ್‌ನ ಎಚ್4 ಬಲ್ಬ್‌ಗೇ ವಾಪಸ್ ಹೋಗಿ.

ಹಿಂದಿನ ಲೈಟಿನಲ್ಲಿ ಒಂದು ಮಜಾ ದೋಷ ಬರುತ್ತೆ. ಬ್ರೇಕ್ ಒತ್ತಿದರೆ ಅದೇ ಕಡೆಯ ಇಂಡಿಕೇಟರ್ ಮಂಕಾಗಿ ಉರಿಯುತ್ತೆ. ಬಲ್ಬ್ ಬದಲಾಯಿಸಿ ಪ್ರಯೋಜನವಿಲ್ಲ. ಅರ್ಥ್ ಸಿಗದ ಕರೆಂಟು ಪಕ್ಕದ ಬಲ್ಬ್ ಮೂಲಕ ದಾರಿ ಹುಡುಕಿಕೊಳ್ಳುತ್ತಿದೆ ಅಷ್ಟೇ. ಬಲ್ಬ್ ಹೋಲ್ಡರ್‌ನ ತಗಡಿನ ಪಟ್ಟಿಯನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಅರ್ಥ್ ಬೋಲ್ಟ್ ಬಿಚ್ಚಿ ಸ್ವಚ್ಛ ಮಾಡಿ ಬಿಗಿದರೆ ಮುಗೀತು. ಇಂಡಿಕೇಟರ್ ಟಿಕ್‌ಟಿಕ್ ಅಂತ ಜೋರಾಗಿ ಬಡಿದುಕೊಂಡರೆ ಆ ಕಡೆ ಒಂದು ಬಲ್ಬ್ ಹೋಗಿದೆ. ನಂಬರ್ ಪ್ಲೇಟ್ ಲೈಟ್, ರಿವರ್ಸ್ ಲೈಟ್, ಹಾರ್ನ್, ವೈಪರ್ ಕೂಡ ನೋಡಿಕೊಂಡು ಹೋಗಿ.

ಬ್ರೇಕು

ಮನೆ ಮುಂದೆಯೇ ಮಾಡಬಹುದಾದ ಪರೀಕ್ಷೆಗಳು ಇವು. ಎಂಜಿನ್ ಆಫ್ ಇದ್ದಾಗ ಪೆಡಲ್ ಗಟ್ಟಿಯಾಗುವ ತನಕ ನಾಲ್ಕಾರು ಸಲ ತುಳಿಯಿರಿ. ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯಲಿಲ್ಲ ಅಂದ್ರೆ ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ಹೋಗಿದೆ. ಪೈಪ್ ರಬ್ಬರಿನದು, ಮೊದಲು ಅದನ್ನೇ ನೋಡಿ. ಇನ್ನು ಎಂಜಿನ್ ಓಡುತ್ತಿರುವಾಗ ಪೆಡಲ್ ಒಂದೇ ಸಮ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಜಾರುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಸೋತಿದೆ. ಇಂಥ ಗಾಡಿಯನ್ನು ಓಡಿಸಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಬ್ರೇಕ್ ಹೊಡೆದಾಗ ಒಂದು ಕಡೆ ಎಳೆದರೆ ಎಷ್ಟೋ ಸಲ ಮುಂದಿನ ಕ್ಯಾಲಿಪರ್‌ನ ಸ್ಲೈಡ್ ಪಿನ್ ಜಾಮ್ ಆಗಿರುತ್ತೆ. ಹೆಚ್ಚು ಬ್ರೇಕ್ ಒತ್ತದೆ ಒಂದಷ್ಟು ದೂರ ಓಡಿಸಿ ನಿಲ್ಲಿಸಿ. ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಕಾದಿದ್ದರೆ ಅದರ ಪ್ಯಾಡ್ ಬಿಡುತ್ತಿಲ್ಲ. ಎಳೆಯುತ್ತಿರೋದು ಆ ಕಡೆಗೇ ಆದರೆ ಕಾರಣ ಸಿಕ್ಕಿತು. ಪಿನ್ ಬಿಚ್ಚಿ ಒರೆಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿ, ಹರಿದ ಬೂಟ್ (ರಬ್ಬರ್ ಹೊದಿಕೆ) ಬದಲಾಯಿಸಿದರೆ ಸಾಕು. ಅಂಗಡಿಯಲ್ಲಿ ಪ್ಯಾಡ್ ಮಾತ್ರ ಬದಲಾಯಿಸಿ ಕಳಿಸಿದರೆ ಹೊಸ ಪ್ಯಾಡ್ ಕೂಡ ವಾರೆಯಾಗಿ ಸವೆಯುತ್ತೆ.

ನಮ್ಮ ಸಣ್ಣ ಕಾರುಗಳಲ್ಲಿ ಹಿಂದೆ ಡ್ರಮ್ ಬ್ರೇಕ್ ಇರುತ್ತೆ. ಹ್ಯಾಂಡ್‌ಬ್ರೇಕ್ ಹಿಡಿಯಲ್ಲ ಅಂತ ದೂರು ಬಂದರೆ ಗ್ಯಾರೇಜಿನವರು ತಕ್ಷಣ ಲಿವರ್ ಕೆಳಗಿನ ನಟ್ ಬಿಗಿ ಮಾಡಿ ಕಳಿಸುತ್ತಾರೆ. ಇದು ತಪ್ಪು ಕ್ರಮ. ಮೊದಲು ಡ್ರಮ್ ಬಿಚ್ಚಬೇಕು. ಶೂ ಸವೆದಿದೆಯಾ, ತಾನೇ ಹೊಂದಿಸಿಕೊಳ್ಳುವ ಅಡ್ಜಸ್ಟರ್ ಧೂಳು ತಿಂದು ಜಾಮ್ ಆಗಿದೆಯಾ ನೋಡಬೇಕು. ಆಮೇಲೆ ವೀಲ್ ಸಿಲಿಂಡರ್‌ನ ಎರಡೂ ತುದಿಯ ರಬ್ಬರ್ ಟೋಪಿಯ ಅಂಚನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಎತ್ತಬೇಕು. ಒಳಗೆ ಒಣ ಧೂಳು ಇದ್ದರೆ ಸರಿ. ಜಿಡ್ಡು ಜಿಡ್ಡಾದ ಒದ್ದೆ ಕಂಡರೆ ಸೀಲ್ ಸೋರುತ್ತಿದೆ, ಇನ್ನೂ ಡ್ರಮ್ಮಿಗೆ ಇಳಿದಿಲ್ಲ ಅಷ್ಟೇ. ಶೂ ಮೇಲೆ ಆಗಲೇ ಫ್ಲೂಯಿಡ್ ಇಳಿದಿದ್ದರೆ ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕುವ ಚಾಳಿ ಬೇಡ. ಎರಡೂ ಕಡೆಯ ಶೂ ಹೊಸದು ಹಾಕಿ. ಇಷ್ಟೆಲ್ಲ ಆದಮೇಲೆ ಕೇಬಲ್ ಬಿಗಿ ಮಾಡೋದು.

ರೋಲರ್ ಮೇಲೆ ನಿಲ್ಲಿಸಿ ಯಂತ್ರದಲ್ಲಿ ಅಳೆಯುವ ಕೇಂದ್ರಗಳಲ್ಲಿ ಎಡ ಬಲ ಚಕ್ರದ ಬ್ರೇಕ್ ಬಲ ಬೇರೆ ಬೇರೆಯಾಗಿ ತೋರಿಸುತ್ತೆ. ಅಲ್ಲಿ "ಬ್ರೇಕ್ ಚೆನ್ನಾಗೇ ಹಿಡಿಯುತ್ತಲ್ಲ ಸಾರ್" ಅನ್ನೋ ಮಾತು ನಡೆಯಲ್ಲ.

ಸ್ಟೇರಿಂಗ್, ಸಸ್ಪೆನ್ಷನ್, ಟೈರು

ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರ ಎತ್ತಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಇರಬಹುದು, ಬಾಲ್ ಜಾಯಿಂಟ್ ಇರಬಹುದು. ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ. ಆಟ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್. 3 ಮತ್ತು 9ರ ಜಾಗದಲ್ಲಿ ಆಟ ಇದ್ದರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ರ‍್ಯಾಕ್. ಹೀಗೆ ಬೇರೆ ಮಾಡಿಕೊಳ್ಳದೆ ಹೋದರೆ ಗ್ಯಾರೇಜಿನಲ್ಲಿ ಮೂರನ್ನೂ ಬದಲಾಯಿಸಿ ಬಿಲ್ ಕೊಡುತ್ತಾರೆ.

ಫುಲ್ ಸ್ಟೇರಿಂಗ್ ತಿರುಗಿಸಿ ಮುಂದೆ ಹೋದಾಗ ಕಟಕಟ ಸದ್ದು ಬಂದರೆ ಡ್ರೈವ್ ಶಾಫ್ಟ್‌ನ ಹೊರಗಿನ ಜಾಯಿಂಟ್. ಬೂಟ್ ಹರಿದು ಗ್ರೀಸ್ ಹೊರಗೆ ಎರಚಿ, ಒಳಗೆ ಮಣ್ಣು ಸೇರಿ ಹೀಗಾಗೋದು. ಸದ್ದು ಶುರುವಾಗೋ ಮುಂಚೆ ಬೂಟ್ ಬದಲಾಯಿಸಿದರೆ ನೂರುಗಳಲ್ಲಿ ಮುಗಿಯುವ ಕೆಲಸ, ಆಮೇಲೆ ಸಾವಿರಗಳಲ್ಲಿ. ಈ ಬೂಟ್ ಕೂಡ ವರ್ಷದ ಲೆಕ್ಕದ್ದೇ. ಕಲಬುರಗಿ, ರಾಯಚೂರಿನ ಬಿಸಿಲಿಗೆ ನಿಂತ ಕಾರಿನಲ್ಲಿ ಬೇಗ ಬಿರಿಯುತ್ತೆ.

ಟೈರ್ ಬಟನ್ ನಡುವಿನ ಸಣ್ಣ ಗೆರೆಯ ಮಟ್ಟ 1.6 ಮಿಲಿಮೀಟರ್. ಅಲ್ಲಿಗೆ ಸವೆದರೆ ಟೈರ್ ಮುಗೀತು. ಹೊರಗಿಂದ ಚೆನ್ನಾಗಿ ಕಂಡು ಒಳ ಅಂಚು ಮಾತ್ರ ಬೋಳಾಗಿರೋದು ಹಳೇ ಕಾರಲ್ಲಿ ಸಾಮಾನ್ಯ. ಸ್ಟೇರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿ ಒಳ ಅಂಚು ನೋಡಿ. ಹಾಗೆ ಸವೆದಿದ್ದರೆ ಮೊದಲು ಬುಷ್, ಆಮೇಲೆ ಅಲೈನ್‌ಮೆಂಟ್, ಕೊನೆಗೆ ಹೊಸ ಟೈರ್. ಉಲ್ಟಾ ಮಾಡಿದರೆ ಹೊಸ ಟೈರೂ ಅದೇ ದಾರಿ ಹಿಡಿಯುತ್ತೆ.

ತುಕ್ಕು

ಬೇರೆಲ್ಲ ದೋಷ ಭಾಗ ಬದಲಾಯಿಸಿ ಸರಿ ಮಾಡಬಹುದು. ಬಾಡಿ ಬದಲಾಯಿಸೋಕಾಗಲ್ಲ. ಹಾಗಾಗಿ 15 ದಾಟಿದ ಕಾರು ಉಳಿಯುತ್ತಾ ಇಲ್ಲವಾ ಅಂತ ತೀರ್ಮಾನ ಆಗೋದು ಇಲ್ಲೇ. ಮಂಗಳೂರು, ಉಡುಪಿ, ಕಾರವಾರದ ಕಾರಿಗೆ ಉಪ್ಪುಗಾಳಿಯ ಜೊತೆ ನಾಲ್ಕು ತಿಂಗಳ ಮಳೆ. ಅದೇ ವಯಸ್ಸಿನ ಚಿತ್ರದುರ್ಗದ ಕಾರಿನ ತಳ ನೋಡಿದರೆ ಅಜಗಜಾಂತರ.

ಬಾಗಿಲ ಕೆಳ ಅಂಚಿನ ತುಕ್ಕು ಕಣ್ಣಿಗೆ ಕಾಣುತ್ತೆ, ಅದು ಅಷ್ಟು ದೊಡ್ಡದಲ್ಲ. ನೋಡಬೇಕಾದ್ದು ನಾಲ್ಕು ಜಾಗ. ಬಾಗಿಲ ಕೆಳಗೆ ಉದ್ದಕ್ಕೂ ಬರುವ ಪೆಟ್ಟಿಗೆಯಂಥ ಭಾಗ, ಅದರಲ್ಲಿ ಜಾಕ್ ಕೂರುವ ಜಾಗ. ಬಾನೆಟ್ ಕೆಳಗೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿ) ಬಂದು ಸೇರುವ ಗುಂಬಜ್. ಸ್ಟೆಪ್ನಿ ಇಡುವ ಗುಂಡಿ. ಮುಂದಿನ ಮ್ಯಾಟ್ ಕೆಳಗಿನ ಫ್ಲೋರ್. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತೆ. ಒಳಗೆ ಕೊಳೆತದ್ದು ಬೊದ್ ಅನ್ನುತ್ತೆ, ಪದರ ಉದುರುತ್ತೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟು ನೋಡಿ. ಹಿಡಿಯಲಿಲ್ಲ ಅಂದ್ರೆ ಅಲ್ಲಿರೋದು ಪುಟ್ಟಿ, ತಗಡಲ್ಲ.

ಪ್ಯಾಸೆಂಜರ್ ಕಡೆಯ ಫ್ಲೋರ್ ಮಾತ್ರ ತುಕ್ಕು ಹಿಡಿದಿದ್ದರೆ ಮಳೆಯನ್ನು ಬೈಯಬೇಡಿ. ಎಸಿಯ ನೀರು ಹೊರಗೆ ಹೋಗುವ ಪೈಪ್ ಕಟ್ಟಿಕೊಂಡು ಕಾರ್ಪೆಟ್ ಒಳಗೆ ಇಳಿದಿರುತ್ತೆ. ಎಸಿ ಹಾಕಿ ಹತ್ತು ನಿಮಿಷ ನಿಲ್ಲಿಸಿದರೂ ಗಾಡಿ ಕೆಳಗೆ ನೀರು ತೊಟ್ಟಿಕ್ಕದಿದ್ದರೆ ಇದೇ ಕಾರಣ. ಹಾಗೇ ಬಾಗಿಲ ತಳದ ಸಣ್ಣ ತೂತುಗಳು. ಅವು ನೀರು ಹೋಗೋಕೆ ಇರೋದು. ಮಣ್ಣು ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸಿ.

ಟಿಂಕರಿಂಗ್ ಮಾಡಿಸುವಾಗ ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ತುಕ್ಕಿನ ಮೇಲೇ ಕಪ್ಪು ಅಂಡರ್‌ಕೋಟಿಂಗ್ ಬಳಿಸಿದರೆ ತೇವ ಒಳಗೇ ಉಳಿದು ಇನ್ನೂ ಬೇಗ ತಿನ್ನುತ್ತೆ. ಮಾರಾಟಕ್ಕೆ ಇಟ್ಟ ಕಾರಿನ ತಳ ಹೊಚ್ಚ ಹೊಸದಾಗಿ ಕಪ್ಪಗಿದ್ದರೆ ನನಗಂತೂ ಮೊದಲು ಅನುಮಾನವೇ ಬರೋದು.

ಚಾಸಿ ನಂಬರ್ ಇರುವ ಜಾಗವನ್ನು ಮರೀಬೇಡಿ. ಅದರ ಪೆನ್ಸಿಲ್ ಅಚ್ಚು ಬೇಕಾಗುತ್ತೆ. ಅಲ್ಲೇ ತುಕ್ಕು ಹಿಡಿದು ಅಂಕಿ ಮಸುಕಾಗಿದ್ದರೆ ಗ್ರೈಂಡರ್, ಒರಟು ಸ್ಯಾಂಡ್ ಪೇಪರ್ ಹಾಕಲೇಬೇಡಿ. ಅಂಕಿ ತಿದ್ದಿದ ಹಾಗೆ ಕಾಣುತ್ತೆ, ಆಮೇಲೆ ಉತ್ತರ ಕೊಡೋದು ಕಷ್ಟ. ಸೀಮೆಎಣ್ಣೆ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹಾಕಿ ನೆನೆಸಿ ಬಟ್ಟೆಯಲ್ಲಿ ಒರೆಸಿ.

ಹೊಗೆ: ರಿಪೋರ್ಟ್ ಚೀಟಿ ಓದುವ ಬಗೆ

ಎಮಿಷನ್ ಟೆಸ್ಟ್ ಚೀಟಿಯನ್ನು ಡ್ಯಾಶ್‌ಬೋರ್ಡ್ ಒಳಗೆ ತುರುಕುವ ಮುಂಚೆ ಅಂಕಿ ಓದಿ. ಎಂಜಿನ್ ಬಗ್ಗೆ ಅಷ್ಟು ಅಗ್ಗದ ರಕ್ತಪರೀಕ್ಷೆ ಬೇರೆ ಇಲ್ಲ.

ಮೊದಲು ನಿಮ್ಮ ಕಾರು ಹೊಗೆ ಮಿತಿಯ ಯಾವ ಮಟ್ಟದ್ದು (ಬಿಎಸ್, ಅಂದ್ರೆ ಭಾರತ್ ಸ್ಟೇಜ್) ಅಂತ ಆರ್‌ಸಿಯಲ್ಲಿ ನೋಡಿ. ಬಿಎಸ್-4 ಬೆಂಗಳೂರು ಸೇರಿ ಕೆಲವು ನಗರಗಳಿಗೆ 2010ರಲ್ಲಿ ಬಂತು, ದೇಶಕ್ಕೆಲ್ಲ ಬಂದದ್ದು 2017ರಲ್ಲಿ. ಹಾಗಾಗಿ ಒಂದೇ ವರ್ಷದ ಎರಡು ಕಾರುಗಳಿಗೆ ಮಿತಿ ಬೇರೆ ಇರಬಹುದು. ಬಿಎಸ್-3 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಸಿಓ (ಕಾರ್ಬನ್ ಮೊನಾಕ್ಸೈಡ್) ಶೇ 0.5, ಎಚ್‌ಸಿ (ಉರಿಯದ ಇಂಧನ) 750 ಪಿಪಿಎಂ ತನಕ ಅವಕಾಶ. ಬಿಎಸ್-4ಕ್ಕೆ ಸಿಓ 0.3, ಎಚ್‌ಸಿ 200. ಜೊತೆಗೆ ಸುಮಾರು 2,500 ಆರ್‌ಪಿಎಂಗೆ ಏರಿಸಿದಾಗ ಸಿಓ 0.2 ದಾಟಬಾರದು, ಲ್ಯಾಂಬ್ಡಾ (ಗಾಳಿ ಮತ್ತು ಪೆಟ್ರೋಲ್ ಬೆರಕೆಯ ಹದ) 0.97ರಿಂದ 1.03ರ ಒಳಗಿರಬೇಕು. ಬಿಎಸ್-4, ಬಿಎಸ್-6 ಗಾಡಿಗೆ ಸರ್ಟಿಫಿಕೇಟ್ ಒಂದು ವರ್ಷ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳು.

ಈಗ ದೋಷ. ಸಿಓ ಜಾಸ್ತಿ, ಎಚ್‌ಸಿ ಹೆಚ್ಚುಕಡಿಮೆ ಸರಿ ಇದ್ದರೆ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಏರ್ ಫಿಲ್ಟರ್ ನೋಡಿ. ಆಮೇಲೆ ಟೆಂಪರೇಚರ್ ಮುಳ್ಳು ನೋಡಿ. ಥರ್ಮೋಸ್ಟಾಟ್ ತೆರೆದೇ ನಿಂತಿದ್ದರೆ ಮುಳ್ಳು ನಡುವಿಗೆ ಬರಲ್ಲ, ಎಂಜಿನ್ ತಣ್ಣಗಿದೆ ಅಂದುಕೊಂಡು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಸುರಿಯುತ್ತಲೇ ಇರುತ್ತೆ. ಮುಳ್ಳು ಸರಿ ಇದ್ದರೆ ಆಕ್ಸಿಜನ್ ಸೆನ್ಸರ್. ವಯಸ್ಸಾದ ಸೆನ್ಸರ್ ಪೂರ್ತಿ ಸಾಯಲ್ಲ, ನಿಧಾನ ಆಗುತ್ತೆ. ಆಗ ಚೆಕ್ ಎಂಜಿನ್ ಲೈಟೂ ಬರದೇ ಇರಬಹುದು.

ಎಚ್‌ಸಿ ಜಾಸ್ತಿ, ಸಿಓ ಕಮ್ಮಿ ಇದ್ದರೆ ಪೆಟ್ರೋಲ್ ಉರಿಯದೇ ಹೊರಗೆ ಬರುತ್ತಿದೆ. ಪ್ಲಗ್, ಕಾಯಿಲ್, ಇಲ್ಲವೇ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್. ಎರಡೂ ಮಿತಿ ಮೀರಿ, ಲ್ಯಾಂಬ್ಡಾ ಮಾತ್ರ 1ರ ಹತ್ತಿರವೇ ಇದ್ದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೋತಿರುವ ಸಾಧ್ಯತೆ ಜಾಸ್ತಿ. ಲ್ಯಾಂಬ್ಡಾ ಒಂದೇ ಮೇಲೆ ಹೋಗಿ ಬೇರೆಲ್ಲ ಸರಿ ಇದ್ದರೆ ಎಂಜಿನ್ ಮುಟ್ಟಬೇಡಿ, ಸೈಲೆನ್ಸರ್‌ನಲ್ಲಿ ತೂತು ಹುಡುಕಿ. ಹೊರಗಿನ ಗಾಳಿ ಸೇರಿ ಅಂಕಿ ಕೆಡಿಸುತ್ತಿದೆ.

ಕನ್ವರ್ಟರ್ ಸತ್ತಿದೆ ಅಂತ ತೀರ್ಮಾನಿಸುವ ಮುಂಚೆ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿ, ನಿಲ್ಲಿಸದೆ ನೇರ ಟೆಸ್ಟ್‌ಗೆ ಹೋಗಿ. ಅದು ಬಿಸಿಯಾಗದೆ ಕೆಲಸವೇ ಶುರು ಮಾಡಲ್ಲ. ಬಂಕ್ ಪಕ್ಕದ ಟೆಸ್ಟ್ ವ್ಯಾನಿನ ಮುಂದೆ ಅರ್ಧ ಗಂಟೆ ಕ್ಯೂನಲ್ಲಿ ಎಂಜಿನ್ ಆಫ್ ಮಾಡಿ ನಿಂತ ಕಾರು ಫೇಲ್ ಆಗೋದರಲ್ಲಿ ಆಶ್ಚರ್ಯವಿಲ್ಲ. ಆಯಿಲ್ ಹಳೆಯದಾಗಿದ್ದರೆ ಅದನ್ನೂ ಬದಲಾಯಿಸಿ ಹೋಗಿ. ಅದರಲ್ಲಿ ಸೇರಿದ ಪೆಟ್ರೋಲ್ ಆವಿ ಮತ್ತೆ ಎಂಜಿನ್‌ಗೇ ಬಂದು ಅಂಕಿ ಏರಿಸುತ್ತೆ.

ಕಣ್ಣಿಗೆ ಕಾಣುವ ಹೊಗೆಯ ಲೆಕ್ಕ ಸುಲಭ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವ್ ಸೀಲ್, ಮತ್ತೆ ರಬ್ಬರ್, ಮತ್ತೆ ವಯಸ್ಸು. ಏರು ಹತ್ತುವಾಗ ನೀಲಿ ಬಂದರೆ ರಿಂಗ್, ಅದು ಕಿಲೋಮೀಟರ್ ಸವೆತ. ಡೀಸೆಲ್ ಕಾರಿಗೆ ಅಳೆಯೋದು ಹೊಗೆಯ ದಟ್ಟಣೆ. ಬಿಎಸ್-4ಕ್ಕೆ 50 ಎಚ್‌ಎಸ್‌ಯು (ದಟ್ಟಣೆಯ ಅಳತೆ), ಅದಕ್ಕೂ ಹಳೆಯದಕ್ಕೆ 65. ಕಪ್ಪು ಹೊಗೆ ಅಂದ್ರೆ ಇಂಜೆಕ್ಟರ್‌ಗೆ ಕೈ ಹಾಕುವ ಮುಂಚೆ ಏರ್ ಫಿಲ್ಟರ್, ಟರ್ಬೊ ಪೈಪ್‌ನ ಬಿರುಕು, ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ಮಸಿ ಕಟ್ಟಿದೆಯಾ ನೋಡಿ.

ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮುಂದೂಡಬೇಡಿ. ಈಗ ಬಂಕಲ್ಲಿ ಸಿಗೋದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ಕಾರುಗಳ ಫ್ಯೂಯಲ್ ಪೈಪ್, ಸೀಲ್ ಅದಕ್ಕಂತ ಮಾಡಿದ್ದಲ್ಲ. ಹತ್ತು ದಾಟಿದ ಕಾರಿನಲ್ಲಿ ಟ್ಯಾಂಕ್‌ನಿಂದ ಎಂಜಿನ್ ತನಕ ರಬ್ಬರ್ ಪೈಪನ್ನೆಲ್ಲ ಒಮ್ಮೆ ಬಾಗಿಸಿ ನೋಡಿಸಿ.

ಗಾಡಿ ಸರಿ, ಕಾಗದ ಫೇಲ್

ಇಲ್ಲಿ ಹೇಳೋಕೆ ಜಾಸ್ತಿ ಇಲ್ಲ. ಬಣ್ಣ ಬದಲಾಯಿಸಿ ಆರ್‌ಸಿಯಲ್ಲಿ ತಿದ್ದಿಸದೇ ಇರೋದು, ಸಾಲ ತೀರಿಸಿದರೂ ಬ್ಯಾಂಕಿನ ಹೆಸರು ತೆಗೆಸದೇ ಇರೋದು, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಇಲ್ಲದಿರೋದು, ಕಟ್ಟದ ದಂಡಗಳು, ಅವಧಿ ಮುಗಿದ ವಿಮೆ. ಸಿಎನ್‌ಜಿ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು, ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗಿರಬೇಕು. ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ಮನೆಯಲ್ಲೇ ನೋಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ

12–13 ವರ್ಷದ ಕಾರು ಅಗ್ಗಕ್ಕೆ ಸಿಗೋದು ಇದೇ ಕಾರಣಕ್ಕೆ. ಮಾರುವವರಿಗೆ ಮುಂದಿನ ಪಟ್ಟಿ ಗೊತ್ತಿರುತ್ತೆ. ಬೆಲೆ ಮಾತಾಡುವಾಗ ಎಫ್‌ಸಿ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಆರ್‌ಸಿಯಲ್ಲಿ ಉಳಿದಿರುವ ತಿಂಗಳು ಎಣಿಸಿ. ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆದು ನೋಡಿ. ಅಂಚು ಎಳೆ ಬಿಟ್ಟಿದೆಯಾ, ಬಿಟ್ಟರೆ ತಾನೇ ಒಳಗೆ ಹೋಗುತ್ತಾ ಅನ್ನೋದು ತಪಾಸಣೆಗೆ ಬೇಕು. ಕೊನೇ ಒಂದಡಿಯಲ್ಲಿ ಕೆಸರಿನ ಗೆರೆ ಇದ್ದರೆ ಕಾರು ಯಾವತ್ತೋ ನೀರಲ್ಲಿ ಮುಳುಗಿದ್ದು. ಒಳಗೆಲ್ಲ ತೊಳೆದವರು ಬೆಲ್ಟನ್ನು ಅಷ್ಟು ದೂರ ಎಳೆದು ತೊಳೆದಿರಲ್ಲ. ದೆಹಲಿ ಕಡೆಯಿಂದ ಬಂದ ಹಳೇ ಕಾರಾದರೆ ಎನ್‌ಓಸಿ ಜೊತೆ ಕರ್ನಾಟಕದ ಆಜೀವ ತೆರಿಗೆ ಎಷ್ಟು ಬೀಳುತ್ತೆ ಅಂತ ಮೊದಲೇ ಕೇಳಿ. ಅದು ಸೇರಿದರೆ ಅಗ್ಗ ಅನ್ನೋದು ಅಗ್ಗವಾಗಿ ಉಳಿಯದೇ ಇರಬಹುದು.

ಈಗಾಗಲೇ ಕಾರು ಇದ್ದವರು ದುಡ್ಡು ಹಾಕುವ ಸಾಲು ಹೀಗಿರಲಿ. ಮೊದಲು ತಳ ತಟ್ಟಿಸಿ ನೋಡಿ. ಬಾಗಿಲ ಕೆಳಗಿನ ಪೆಟ್ಟಿಗೆ, ಸ್ಟ್ರಟ್ ಗುಂಬಜ್ ಕೊಳೆತು ವೆಲ್ಡಿಂಗ್‌ಗೂ ತಗಡು ಸಿಗದ ಹಾಗಿದ್ದರೆ ಬೇರೆ ಯಾವುದಕ್ಕೂ ಒಂದು ರೂಪಾಯಿ ಹಾಕಬೇಡಿ, ಅಧಿಕೃತ ಸ್ಕ್ರಾಪ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ಈಸಿಕೊಳ್ಳಿ. ಗಟ್ಟಿ ಇದ್ದರೆ ಬ್ರೇಕು, ಸ್ಟೇರಿಂಗು, ಆಮೇಲೆ ಟೈರು, ಲೈಟು. ಇಷ್ಟನ್ನು ಆರ್‌ಸಿ ಮುಗಿಯುವ ಎರಡು ತಿಂಗಳು ಮುಂಚೆ ಮುಗಿಸಿ ಬಿಲ್‌ಗಳನ್ನು ಇಟ್ಟುಕೊಳ್ಳಿ. ಎಮಿಷನ್ ಟೆಸ್ಟ್ ಕೊನೆಗೆ, ಗಾಡಿ ತೋರಿಸುವ ವಾರದಲ್ಲಿ. ಪೇಂಟ್, ಪಾಲಿಶ್, ಸೀಟ್ ಕವರ್ ಇವಕ್ಕೆಲ್ಲ ಎಫ್‌ಸಿ ಆಗುವ ತನಕ ಕೈ ಹಾಕಬೇಡಿ.